ಸಹಾಯ ಬೇಕು: ಚಿಕ್ಕ ಅಕ್ಷರದ ಫಾಂಟ್ ಮತ್ತು ಪ್ರದರ್ಶನ

ನಮಸ್ಕಾರ. ಕನ್ನಡ, ದೇವನಾಗರಿ, ಲ್ಯಾಟಿನ್ ಮೂರೂ ಲಿಪಿ ಇರುವ ಫಾಂಟ್ ಮಾಡುತ್ತಿದ್ದೇನೆ. ಔಷಧಿ ಡಬ್ಬಿಯೊಳಗಿನ ಮಾಹಿತಿ ಚೀಟಿಯಂಥ ಕಡೆ, ತೀರಾ ಚಿಕ್ಕ ಗಾತ್ರವಾದ 6 ಪಾಯಿಂಟ್‌ನಲ್ಲೂ ಸಲೀಸಾಗಿ ಓದುವಂತಿರಬೇಕು.

ಜಾಸ್ತಿ ಕಷ್ಟ ಕನ್ನಡದ್ದೇ. ದ, ಧ, ಥ ನಡುವಿನ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕಿ ಅಷ್ಟೇ ಅಲ್ವಾ? ಇಂಕು ಸ್ವಲ್ಪ ಹರಡಿದರೂ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಸೀಳು ಅಗಲ ಮಾಡಿ, ಒಳಗಿನ ಜಾಗ ಹಿಗ್ಗಿಸಿದ್ದೇನೆ. ಆದರೆ ಒತ್ತಕ್ಷರ ಬಗ್ಗುತ್ತಿಲ್ಲ. 'ರಾಷ್ಟ್ರ' ಬರೆದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಕುಗ್ಗಿಸಿದರೆ ಓದಲಾಗಲ್ಲ. ಸಾಲಿನ ಅಂತರ ಹೆಚ್ಚಿಸದೆ ದಾರಿ ಇದೆಯಾ? ಅನುಭವ ಇದ್ದವರು ಹೇಳಿ.

ಬೆಂಗಳೂರಿನಲ್ಲಿ ಪುಟ್ಟ ಪ್ರದರ್ಶನ ಮಾಡುವಾಸೆಯೂ ಇದೆ. ಗೋಡೆಗೆ ದೊಡ್ಡದಾಗಿ ಅಂಟಿಸಿದರೆ ಇಂಥ ಫಾಂಟ್‌ಗೆ ಅರ್ಥವಿಲ್ಲ. ಕೈಯಲ್ಲಿ ಹಿಡಿದು ಓದುವ ಹಾಳೆಗಳೇ ಬೇಕು. ತೆಳು ಕಾಗದದ ಮೇಲೆ ಚೆನ್ನಾಗಿ ಆಫ್‌ಸೆಟ್ ಮುದ್ರಣ ಮಾಡುವ ಪ್ರೆಸ್ ಗೊತ್ತಿದ್ದರೆ ತಿಳಿಸಿ. ತಮ್ಮ ಮನೆಯ ಹಿರಿಯರಿಗೆ ಮಾದರಿ ಓದಿಸಿ ನೋಡಲು ಒಪ್ಪುವವರಿಗೆ ಅಂಚೆಯಲ್ಲಿ ಕಳಿಸುತ್ತೇನೆ.