ಕಾಮಶೇತ್‌ನಲ್ಲಿ ಐದು ಗಂಟೆ ಕಾದು ಹಾರದೇ ವಾಪಸ್ ಬಂದೆವು, ಡಿಸೆಂಬರಲ್ಲಾದರೂ ಆಗುತ್ತಾ?

ವಾಕಡ್ ವಾಸಿ:
ನಮಸ್ಕಾರ. ಏಪ್ರಿಲ್‌ನಲ್ಲಿ ನಾನು, ಹೆಂಡತಿ ಪುಣೆ ಹತ್ತಿರದ ಕಾಮಶೇತ್‌ಗೆ ಪ್ಯಾರಾಗ್ಲೈಡಿಂಗ್‌ಗೆ ಹೋಗಿದ್ದೆವು. ಹನ್ನೊಂದಕ್ಕೆ ಬನ್ನಿ ಅಂದಿದ್ದರು. ಬಿಸಿಲಲ್ಲಿ ಗುಡ್ಡದ ಮೇಲೆ ಕೂತಿದ್ದೇ ಕೂತಿದ್ದು. ಮೊದಲು ಗಾಳಿ ಸರಿಯಿಲ್ಲ ಅಂದರು, ಆಮೇಲೆ ಗಾಳಿ ಜಾಸ್ತಿ ಆಯ್ತು ಅಂದರು, ನಾಲ್ಕಕ್ಕೆ ಇವತ್ತು ಆಗಲ್ಲ ಅಂತ ಎದ್ದೇ ಬಿಟ್ಟರು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ ರೀ! ಸುಮ್ನೆ ಆಟ ಆಡಿಸಿದರಾ? ಈಗ ಡಿಸೆಂಬರಲ್ಲಿ ಹುಬ್ಬಳ್ಳಿಯಿಂದ ಭಾವ, ಅತ್ತೆ ಬರುತ್ತಿದ್ದಾರೆ. ಭಾವ ಹಾರಬೇಕು ಅಂತಾರೆ, ಆಳು ಸ್ವಲ್ಪ ದಪ್ಪ. ಅತ್ತೆ ಬರೀ ನೋಡೋದು, ಆದರೆ ಮೊಣಕಾಲು ನೋವು. ನಮ್ಮ ಹತ್ತಿರ ಕಾರಿಲ್ಲ. ಬೆಳಿಗ್ಗೆ ಹೋಗೋದಾ, ಸಂಜೆನಾ?

ನಿಗಡಿ ೨೭:
ನಮಗೂ ಹೀಗೇ ಆಗಿತ್ತು. ಹಾರದಿದ್ದರೆ ದುಡ್ಡು ವಾಪಸ್ಸಾ, ಬೇರೆ ದಿನಕ್ಕಾ ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ.

ರೆಕ್ಕೆ:
ದುಡ್ಡಿನ ಮಾತು ಸರಿ, ಆದರೆ ಹಾರಿಸದೇ ಇದ್ದದ್ದು ಅವರ ತಪ್ಪಲ್ಲ. ನಾನು ಹಾರೋದು ಕಲಿತದ್ದು ಇದೇ ಗುಡ್ಡಗಳಲ್ಲಿ, ಹಾರಿದ್ದಕ್ಕಿಂತ ಕಾದಿದ್ದೇ ಜಾಸ್ತಿ.

ಮೋಡ ಇಲ್ಲ ಅಂದರೆ ಹಾರಬಹುದು ಅಂತ ಅಲ್ಲ. ಏಪ್ರಿಲ್ ಮಧ್ಯಾಹ್ನ ಬೋಳು ಬಂಡೆ, ಉತ್ತ ಹೊಲ ಎಲ್ಲ ಕಾದು ಬಿಸಿ ಗಾಳಿ ರಪ್ಪಂತ ಮೇಲೇಳುತ್ತದೆ. ಹೊಲದಲ್ಲಿ ಧೂಳು ಸುಳಿ ಸುತ್ತೋದು ನೋಡಿರಬೇಕಲ್ವಾ, ಅದೇ. ಹೊಸಬರನ್ನು ಕಟ್ಟಿಕೊಂಡು ಅದರೊಳಗೆ ಯಾರೂ ಹೋಗಲ್ಲ. ಆಮೇಲೆ ಕೊಂಕಣದ ಕಡೆಯಿಂದ ಸಮುದ್ರದ ಗಾಳಿ ಘಾಟ್ ಹತ್ತಿ ಬರುತ್ತದೆ. ನಮ್ಮ ಗ್ಲೈಡರ್, ಅಂದರೆ ತಲೆ ಮೇಲಿನ ಬಟ್ಟೆಯ ರೆಕ್ಕೆ, ಓಡೋದೇ ಗಂಟೆಗೆ ಸುಮಾರು 35 ಕಿಮೀ ವೇಗದಲ್ಲಿ. ಎದುರಿಗೆ ಅಷ್ಟೇ ಗಾಳಿ ಬಂದರೆ ಗಾಳಿಪಟದ ಹಾಗೆ ನಿಂತಲ್ಲೇ ನಿಲ್ಲುತ್ತೀರಿ, ಇನ್ನೂ ಜಾಸ್ತಿ ಆದರೆ ಹಿಂದಕ್ಕೆ, ಗುಡ್ಡದ ಬೆನ್ನಿಗೆ. ಅಲ್ಲಿ ಗಾಳಿ ಹೊರಳಾಡುತ್ತಿರುತ್ತದೆ, ರೆಕ್ಕೆ ಮಡಚಿಕೊಂಡರೆ ಕಥೆ ಮುಗೀತು.

ಯಾವ ಹೊತ್ತು ಅನ್ನೋದು ಗುಡ್ಡ ಯಾವ ಕಡೆಗೆ ಮುಖ ಮಾಡಿದೆ ಅನ್ನೋದರ ಮೇಲೆ ಹೋಗುತ್ತದೆ. ಟೇಕಾಫ್ ಯಾವಾಗಲೂ ಗಾಳಿಗೆ ಎದುರಾಗಿ. ಕಾಮಶೇತ್‌ನ ಟವರ್ ಹಿಲ್ ಅನ್ನೋ ಗುಡ್ಡ ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ಅದು ಸಂಜೆಯ ಗುಡ್ಡ. ಚಳಿಗಾಲದ ಬೆಳಿಗ್ಗೆ ಮೂಡಣ ಗಾಳಿ ಇದ್ದರೆ ಪೂರ್ವಕ್ಕೆ ಮುಖ ಇರುವ ಗುಡ್ಡ ಬೇಕು. ನಿಮಗೆ ಡಿಸೆಂಬರ್ ಸಂಜೆ ಒಳ್ಳೆಯದು, ಗಾಳಿ ಮೆತ್ತಗಿರುತ್ತದೆ. ವಿಂಡಿ ಆ್ಯಪ್‌ನಲ್ಲಿ ಬರೀ ಗಾಳಿ ನೋಡಬೇಡಿ, ಗಸ್ಟ್ ಅಂತ ಇರುತ್ತಲ್ಲ, ಅಂದರೆ ನಡುನಡುವೆ ಒಮ್ಮೆಲೇ ಬೀಸುವ ಜೋರು ಗಾಳಿ, ಅದನ್ನೂ ನೋಡಿ. ಎರಡಕ್ಕೂ ವ್ಯತ್ಯಾಸ ಜಾಸ್ತಿ ಇದ್ದರೆ ಅವತ್ತು ಮನೆಯಲ್ಲೇ ಮಿರ್ಚಿ ಮಾಡಿಕೊಂಡು ತಿನ್ನಿ.

ಭಾವನ ತೂಕ ಬುಕ್ ಮಾಡುವಾಗಲೇ ಹೇಳಿ, ಮುಚ್ಚಿಡಬೇಡಿ. ತೂಕದವರನ್ನು ಎಬ್ಬಿಸಲು ಗಾಳಿ ಸ್ವಲ್ಪ ಜಾಸ್ತಿ ಬೇಕು, ಇಲ್ಲದಿದ್ದರೆ ಅವರು ಪೈಲಟ್ ಜೊತೆ ಜೋರಾಗಿ ಓಡಬೇಕು. ಓಡುತ್ತಾ ಓಡುತ್ತಾ ಮಧ್ಯೆ ಕೂತುಬಿಡೋದು ಎಲ್ಲರೂ ಮಾಡುವ ತಪ್ಪು.

ಮಾವಳದ ಸೊಸೆ:
ಕಾರಿಲ್ಲದಿದ್ದರೂ ಪರವಾಗಿಲ್ಲ. ಚಿಂಚವಾಡದಲ್ಲಿ ಲೋಣಾವಳ ಲೋಕಲ್ ಹತ್ತಿ, ಕಾನ್ಹೆ ಆದ ಮೇಲೆ ಕಾಮಶೇತ್. ಮಧ್ಯಾಹ್ನ ಲೋಕಲ್ ಕಡಿಮೆ, ಟೈಮ್ ನೋಡಿಕೊಂಡು ಹೊರಡಿ. ಸ್ಟೇಷನ್‌ನಿಂದ ಆಟೋ ಮಾಡಿ, ವಾಪಸ್ ಬರೋದಕ್ಕೂ ಅವನನ್ನೇ ಮಾತಾಡಿಕೊಳ್ಳಿ. ಡಿಸೆಂಬರಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಕತ್ತಲಲ್ಲಿ ಆಟೋ ಹುಡುಕುವುದು ಬೇಡ. ಬೈಕಲ್ಲಿ ಬರೋದಾದರೆ ಹಳೇ ಹೈವೇ, ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್ ಬಿಡಲ್ಲ.

ನಿಮ್ಮ ಅತ್ತೆಯವರನ್ನು ಗುಡ್ಡ ಹತ್ತಿಸಬೇಡಿ, ಕೆಳಗೆ ಇಳಿಯುವ ಬಯಲಲ್ಲೇ ಕೂರಿಸಿ. ಮೇಲಿಂದ ನೋಡಿದರೆ ಅಳಿಯ, ಮಗ ಓಡಿ ಮಾಯವಾಗೋದು ಅಷ್ಟೇ ಕಾಣುತ್ತದೆ, ಕೆಳಗಾದರೆ ಪೂರ್ತಿ ಕಾಣುತ್ತದೆ. ಒಂದು ಮಾತು: ಆ ಹೊತ್ತಿಗೆ ಹೊಲದಲ್ಲಿ ಕಡಲೆ, ಗೋಧಿ ಇರುತ್ತದೆ. ಫೋಟೋಗೆ ಅಂತ ಬೆಳೆ ತುಳಿಯಬೇಡಿ, ಬದುವಿನ ಮೇಲೇ ನಡೀರಿ. ನಮ್ಮ ಮಾವನವರು ಎಷ್ಟು ಸಲ ಕೂಗಾಡಿದ್ದಾರೋ.

ವಾಕಡ್ ವಾಸಿ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನಮ್ಮನ್ನು ಹನ್ನೊಂದಕ್ಕೆ ಯಾಕೆ ಕರೆದರು?

ರೆಕ್ಕೆ:
ಅದು ಮಾತ್ರ ಅವರದೇ ತಪ್ಪು. ನಾನಾಗಿದ್ದರೆ ಮೂರೂವರೆಗೆ ಕರೆಯುತ್ತಿದ್ದೆ.

ವಾಕಡ್ ವಾಸಿ:
ಸರಿ, ಸಂಜೆಗೇ ಹೋಗುತ್ತೇವೆ. ಅತ್ತೆಗೆ ಮಡಚುವ ಕುರ್ಚಿ ತಗೊಂಡಾಯ್ತು. ಭಾವನ ತೂಕ ಮಾತ್ರ ನಾನು ಕೇಳಲ್ಲ, ಅವನ ತಂಗಿಗೆ ಒಪ್ಪಿಸಿದ್ದೇನೆ.