ರೊಮೆರೊ ಒಂದೇ ರಾತ್ರಿಯಲ್ಲಿ ಬದಲಾದರಾ?

ಬಸವರಾಜ: ಮಧ್ಯ ಅಮೆರಿಕದ ಎಲ್ ಸಾಲ್ವದೋರ್ ದೇಶದಲ್ಲಿ 1980ರಲ್ಲಿ ಕೊಲೆಯಾದ ಕ್ಯಾಥೊಲಿಕ್ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಬಗ್ಗೆ ಎಲ್ಲೇ ಓದಿದರೂ ಒಂದೇ ಕಥೆ. ಪುಸ್ತಕ ಬಿಟ್ಟು ತಲೆಯೆತ್ತದ, ಯಾರ ತಂಟೆಗೂ ಹೋಗದ ಮನುಷ್ಯ. ಕಾಫಿ ತೋಟದ ಧಣಿಗಳಿಗೆ ಬೇಕಾದವರು. 1977ರ ಫೆಬ್ರವರಿ 22ರಂದು ರಾಜಧಾನಿ ಸಾನ್ ಸಾಲ್ವದೋರ್‌ನ ಮಹಾಧರ್ಮಾಧ್ಯಕ್ಷರಾದರು, ಅಂದರೆ ಆರ್ಚ್‌ಬಿಷಪ್. ಮೂರು ವಾರ ಕಳೆಯುವ ಮೊದಲೇ ಅವರ ಗೆಳೆಯ ಫಾದರ್ ರುತಿಲಿಯೊ ಗ್ರಾಂದೆ ಅವರನ್ನು ಗುಂಡಿಟ್ಟು ಕೊಂದರು. ಆ ಶವದ ಮುಂದೆ ನಿಂತ ರೊಮೆರೊ ಬೇರೆಯೇ ಮನುಷ್ಯರಾದರಂತೆ. ನನಗೆ ಇದು ನಂಬೋಕೆ ಆಗ್ತಿಲ್ಲ. 59 ವರ್ಷದವರು ಒಂದು ರಾತ್ರಿಯಲ್ಲಿ ಅಷ್ಟು ಬದಲಾಗುತ್ತಾರಾ?

ಜೆಸಿಂತಾ: ಆ ರಾತ್ರಿಯನ್ನು ಹಗುರವಾಗಿ ತಗೋಬೇಡಿ ಸರ್. 1970ರಲ್ಲಿ ರೊಮೆರೊ ಬಿಷಪ್ ಆದಾಗ ಆ ಪೂಜಾವಿಧಿಯ ಉಸ್ತುವಾರಿ ನೋಡಿಕೊಂಡವರೇ ರುತಿಲಿಯೊ. ಕೂಲಿ ಜನರ ಜೊತೆ ಕೂತು ಬೈಬಲ್ ಓದುತ್ತಿದ್ದ, ಜೆಸುಯಿಟ್ ಅನ್ನೋ ಕ್ಯಾಥೊಲಿಕ್ ಸಂಘದ ಗುರುಗಳು. ಅವತ್ತು ಅವರೊಬ್ಬರೇ ಸತ್ತಿದ್ದಲ್ಲ. ಗಾಡಿಯಲ್ಲಿ ಜೊತೆಗಿದ್ದ ಒಬ್ಬ ಮುದುಕ, ಒಬ್ಬ ಹುಡುಗನೂ ಸತ್ತರು. ರೊಮೆರೊ ಅದೇ ರಾತ್ರಿ ರುತಿಲಿಯೊ ಗುರುಗಳಾಗಿದ್ದ ಅಗಿಲಾರೆಸ್ ಊರಿಗೆ ಹೋದರು. ಮೂರು ಶವಗಳ ಎದುರು ಬಲಿಪೂಜೆ ಅರ್ಪಿಸಿದರು.

ಆಮೇಲೆ ಮಾಡಿದ್ದು ನೋಡಿ. ಮಾರ್ಚ್ 20ರ ಭಾನುವಾರ ಇಡೀ ಮಹಾಧರ್ಮಕ್ಷೇತ್ರದಲ್ಲಿ ಬೇರೆ ಯಾವ ಪೂಜೆಯೂ ಬೇಡ, ಕೆಥೆಡ್ರಲ್ ಮುಂದೆ ಒಂದೇ ಪೂಜೆ ಅಂದರು. ಪೋಪ್ ಅವರ ಪ್ರತಿನಿಧಿಗೇ ಅದು ಹಿಡಿಸಲಿಲ್ಲ. ಕೊಲೆಯ ತನಿಖೆ ಆಗುವವರೆಗೂ ಸರ್ಕಾರದ ಸಮಾರಂಭಗಳಿಗೆ ಬರಲ್ಲ ಅಂದರು. ಜುಲೈನಲ್ಲಿ ಹೊಸ ಅಧ್ಯಕ್ಷರ ಪ್ರಮಾಣವಚನಕ್ಕೂ ಹೋಗಲಿಲ್ಲ. ಅದಕ್ಕೆ ಹಿಂದಿನ ರೊಮೆರೊ ಹೀಗೆ ಮಾಡುತ್ತಿದ್ದರಾ?

ಶ್ರೀಧರ್ ಕೆ: ಮಾಡುತ್ತಿರಲಿಲ್ಲ ಅನ್ನೋದು ನಿಜ. 1973ರಲ್ಲಿ ಧರ್ಮಸಭೆಯ ಪತ್ರಿಕೆಯಲ್ಲಿ ಜೆಸುಯಿಟರ ಶಾಲೆಯನ್ನೇ ತರಾಟೆಗೆ ತೆಗೆದುಕೊಂಡವರು ಅವರು. ಆದರೂ ನಾನು ಬಸವರಾಜ್ ಅವರ ಕಡೆ. ರೊಮೆರೊ ಬಡವರನ್ನು 1977ರಲ್ಲಿ ಮೊದಲ ಸಲ ಕಂಡವರಲ್ಲ. ಸ್ವತಃ ಬಡಗಿ ಕೆಲಸ ಕಲಿತ ಹುಡುಗ. ಸಾನ್ ಮಿಗೆಲ್‌ನಲ್ಲಿ 20 ವರ್ಷಕ್ಕೂ ಜಾಸ್ತಿ ಗುರುಗಳಾಗಿದ್ದರು. ಬೂಟ್ ಪಾಲಿಶ್ ಮಾಡುವ ಹುಡುಗರಿಗೆ, ಕುಡಿತಕ್ಕೆ ಬಿದ್ದವರಿಗೆ ಆಸರೆಯಾಗಿದ್ದರು.

1974ರಲ್ಲಿ ಸಾಂತಿಯಾಗೊ ದೆ ಮರಿಯಾಗೆ ಬಿಷಪ್ ಆಗಿ ಹೋದರು. ಅದು ಕಾಫಿ ಸೀಮೆ. ಕೊಯ್ಲಿಗೆ ಬಂದ ಕೂಲಿಗಳು ರಾತ್ರಿ ಚಳಿಯಲ್ಲಿ ಬೀದಿಯಲ್ಲೇ ಮಲಗುತ್ತಿದ್ದರು. ಧರ್ಮಕ್ಷೇತ್ರದ ಕಟ್ಟಡಗಳ ಬಾಗಿಲು ತೆಗೆಸಿ ಒಳಗೆ ಮಲಗಿಸಿದರು. 1975ರ ಜೂನ್‌ನಲ್ಲಿ ತ್ರೆಸ್ ಕಾಯೆಸ್ ಅನ್ನೋ ಹಳ್ಳಿಯಲ್ಲಿ ನ್ಯಾಷನಲ್ ಗಾರ್ಡ್ ಪಡೆ ರೈತರನ್ನು ಕೊಂದಿತು. ರೊಮೆರೊ ಸತ್ತವರ ಮನೆಗಳಿಗೆ ಹೋದರು. ಅಧ್ಯಕ್ಷ ಮೊಲಿನಾಗೆ ಪತ್ರ ಬರೆದರು. ಆದರೆ ಆ ಪತ್ರ ಹೊರಗೆ ಬರಲಿಲ್ಲ, ಜನರ ಮುಂದೆ ಅವರು ಬಾಯಿ ಬಿಡಲಿಲ್ಲ. ನೋವು ಆಗಲೇ ಇತ್ತು. ಅದನ್ನು ಗುಟ್ಟಾಗಿ ಹೇಳಿದರೆ ಸಾಕು ಅಂದುಕೊಂಡಿದ್ದರು. ರುತಿಲಿಯೊ ಸಾವು ಆ ಗುಟ್ಟನ್ನು ಮುಗಿಸಿತು.

ಬಸವರಾಜ: ಈ ಪತ್ರದ ವಿಷಯ ಗೊತ್ತಿರಲಿಲ್ಲ. ಇದನ್ನೇ ಹುಡುಕುತ್ತಿದ್ದೆ.

ನಾಗೇಶ್: ನನ್ನ ತಕರಾರು ಬೇರೆ. 1980ರ ಮಾರ್ಚ್ 23ರ ಪ್ರಬೋಧನೆಯಲ್ಲಿ ಅವರು ಸೈನಿಕರಿಗೆ ನೇರವಾಗಿ ಹೇಳಿದರು, ದೇವರ ಆಜ್ಞೆಗೆ ವಿರುದ್ಧವಾದ ಆದೇಶವನ್ನು ನೀವು ಪಾಲಿಸಬೇಕಿಲ್ಲ ಅಂತ. ದಮನ ನಿಲ್ಲಿಸಿ ಎಂದು ದೇವರ ಹೆಸರಿನಲ್ಲಿ ಅಪ್ಪಣೆಯನ್ನೇ ಕೊಟ್ಟರು. ದೇಶ ಹೊತ್ತಿ ಉರಿಯುವಾಗ ಬಿಷಪ್ ಒಬ್ಬರು ಸೈನ್ಯಕ್ಕೆ ಹೀಗೆ ಹೇಳಬಹುದಾ? ಒಂದು ಪಕ್ಷದ ಪರ ನಿಂತ ಹಾಗೆ ಆಗಲಿಲ್ವಾ?

ಜೆಸಿಂತಾ: ಯಾವ ಪಕ್ಷ ಸರ್? ಗೆರಿಲ್ಲಾಗಳ ಅಪಹರಣ, ಕೊಲೆಗಳನ್ನೂ ಅವರು ಖಂಡಿಸಿದ್ದರು. 1979ರ ಅಕ್ಟೋಬರ್‌ನಲ್ಲಿ ಯುವ ಸೇನಾಧಿಕಾರಿಗಳು ಸರ್ಕಾರ ಬೀಳಿಸಿದಾಗ, ಹೊಸಬರಿಗೆ ಒಂದು ಅವಕಾಶ ಕೊಡೋಣ ಅಂದರು. ಎಡಪಂಥದವರು ಅದಕ್ಕೇ ಸಿಟ್ಟಾದರು. ಕೊಲ್ಲೋದು ನಿಲ್ಲದಾಗ ಸೈನ್ಯದ ಕಡೆ ತಿರುಗಿದರು.

ಇನ್ನೊಂದು ಮಾತು. ಅಲ್ಲಿನ ದೊಡ್ಡ ಪತ್ರಿಕೆಗಳು ಬರೆಯದ ಸುದ್ದಿಯನ್ನು ಅವರು ಭಾನುವಾರದ ಪೂಜೆಯಲ್ಲಿ ಓದುತ್ತಿದ್ದರು. ಯಾರು ಕೊಲೆಯಾದರು, ಯಾರು ಕಾಣೆಯಾದರು, ಎಲ್ಲಿ, ಯಾವತ್ತು. ಹೆಸರು ಹೇಳಿ ಓದುತ್ತಿದ್ದರು. ಧರ್ಮಕ್ಷೇತ್ರದ ರೇಡಿಯೊದಲ್ಲಿ ಅದು ದೇಶಕ್ಕೆಲ್ಲ ಕೇಳುತ್ತಿತ್ತು. ಆ ರೇಡಿಯೊಗೆ ಬಾಂಬ್ ಇಟ್ಟಿದ್ದು ಸುಮ್ನೆ ಅಲ್ಲ. ಮಗ ಎಲ್ಲಿ ಅಂತ ಗೊತ್ತಿಲ್ಲದ ತಾಯಿಗೆ, ಮಗನ ಹೆಸರನ್ನು ಬಲಿಪೀಠದಿಂದ ಒಬ್ಬರು ಹೇಳಿದರು ಅನ್ನೋದು ಎಷ್ಟು ದೊಡ್ಡದು ಯೋಚಿಸಿ. ಇದು ರಾಜಕೀಯ ಅಂದರೆ ನನಗೆ ಸಂಕಟ ಆಗುತ್ತೆ.

ನಾಗೇಶ್: ನಿಮ್ಮ ಮಾತು ಒಪ್ತೀನಿ ಮೇಡಂ, ಅರ್ಧ. ಹಾಗಾದರೆ ಅವರನ್ನು ಸಂತರು ಅನ್ನೋಕೆ ರೋಮ್ ಯಾಕೆ ಅಷ್ಟು ವರ್ಷ ಕಾಯಿತು?

ಶ್ರೀಧರ್ ಕೆ: ನೀವು ಕೇಳಿದ ಪ್ರಶ್ನೆಯನ್ನೇ ರೋಮ್‌ನಲ್ಲೂ ಕೇಳಿದರು. ರಕ್ತಸಾಕ್ಷಿ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು ಅನ್ನಬೇಕಾದರೆ, ವಿಶ್ವಾಸದ ಮೇಲಿನ ದ್ವೇಷದಿಂದ ಕೊಂದಿರಬೇಕು. ಆ ದೇಶದಲ್ಲಿ ಕೊಂದವರೂ ಕ್ರೈಸ್ತರೇ. ಹಾಗಾಗಿ ಇದು ರಾಜಕೀಯ ಕೊಲೆ ಅಂತ ವಾದ ಬಂತು. 1993ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ, ಕೊಲೆಗೆ ಆದೇಶ ಕೊಟ್ಟವರು ಸೈನ್ಯದ ಮಾಜಿ ಮೇಜರ್ ರೊಬೆರ್ತೊ ದಾಬ್ಯುಸೊನ್ ಎಂದು ಹೇಳಿತು. ಆದರೆ ಬಡವರ ಪರ ನಿಲ್ಲೋದೂ ವಿಶ್ವಾಸದ್ದೇ ಭಾಗ ಅಲ್ವಾ? ಪೋಪ್ ಫ್ರಾನ್ಸಿಸ್ ಕಾಲದಲ್ಲಿ ಆ ವಿಚಾರ ದಡ ಸೇರಿತು. 2015ರ ಮೇ 23ಕ್ಕೆ ಪುನೀತರು (ಸಂತ ಪದವಿಗೆ ಹಿಂದಿನ ಮೆಟ್ಟಿಲು), 2018ರ ಅಕ್ಟೋಬರ್ 14ಕ್ಕೆ ಸಂತರು. ಆ ದಿನ ಫ್ರಾನ್ಸಿಸ್ ಸೊಂಟಕ್ಕೆ ಕಟ್ಟಿಕೊಂಡಿದ್ದು ರೊಮೆರೊ ಅವರ ರಕ್ತ ಹತ್ತಿದ ಹಗ್ಗ.

ಬಸವರಾಜ: ಅವರು ಇದ್ದಿದ್ದು ಅರಮನೆಯಂಥ ಬಿಷಪ್ ಮನೆಯಲ್ಲಲ್ಲ. ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯ ಆವರಣದಲ್ಲಿ, ಒಂದು ಪುಟ್ಟ ಮನೆಯಲ್ಲಿ. 1980ರ ಮಾರ್ಚ್ 24ರ ಸಂಜೆ ಅದೇ ಆಸ್ಪತ್ರೆಯ ಚಾಪೆಲ್‌ನಲ್ಲಿ, ಒಬ್ಬರ ತಾಯಿಯ ವರ್ಷದ ಪೂಜೆ ಮಾಡುವಾಗ ಗುಂಡು ಬಿತ್ತು. ಮಣ್ಣಿಗೆ ಬಿದ್ದು ಸಾಯುವ ಗೋಧಿ ಕಾಳಿನ ಸುವಾರ್ತೆಯ ಮೇಲೆ ಆಗಷ್ಟೇ ಮಾತಾಡಿದ್ದರು. ಶವಸಂಸ್ಕಾರದ ದಿನ ಕೆಥೆಡ್ರಲ್ ಮುಂದೆ ಬಾಂಬ್ ಸಿಡಿದು, ಗುಂಡು ಹಾರಿ ಇನ್ನೂ ಎಷ್ಟೋ ಜನ ಸತ್ತರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡೋಕೆ ಆಗಲಿಲ್ಲ.

ಜೆಸಿಂತಾ ಅವರೇ, ರುತಿಲಿಯೊ ಜೊತೆ ಸತ್ತ ಆ ಮುದುಕ, ಆ ಹುಡುಗ ಯಾರು?

ಜೆಸಿಂತಾ: ಮನುಯೆಲ್ ಸೊಲೊರ್ಸಾನೊ, ನೆಲ್ಸನ್ ರುತಿಲಿಯೊ ಲೆಮುಸ್. ಗುರುಗಳಿಗೆ ಸಿಕ್ಕ ಗೌರವ ಇವರಿಗೂ ಸಿಕ್ಕಿತು. 2022ರ ಜನವರಿ 22ರಂದು ಸಾನ್ ಸಾಲ್ವದೋರ್‌ನಲ್ಲಿ ಮೂವರನ್ನೂ ಒಟ್ಟಿಗೇ ಪುನೀತರೆಂದು ಸಾರಿದರು.