"ಶಿಕ್ಷೆ ಅಮಾನತು" ಅಂದರೆ ಏನು ಅಂತ ಹೇಳುವುದು?

ನಮಗೆ ಗೊತ್ತಿರುವ ಒಬ್ಬರ ಮಗನಿಗೆ, ಚಾಕು ತೋರಿಸಿ ದರೋಡೆ ಮಾಡಿದ ಕೇಸಿನಲ್ಲಿ 7 ವರ್ಷ ಜೈಲಾಗಿದೆ. ಹೈಕೋರ್ಟಿಗೆ ಅಪೀಲು ಹಾಕಿದ್ದಾರೆ. ಮೊನ್ನೆ ವಕೀಲರು ಫೋನ್ ಮಾಡಿ "ಶಿಕ್ಷೆ ಅಮಾನತಾಯ್ತು" ಅಂದರಂತೆ. ಆ ತಾಯಿ ಕೇಸು ಗೆದ್ದೆವು ಅಂದುಕೊಂಡು ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು. ಆಮೇಲೆ ಆದೇಶದ ಪ್ರತಿ ತಂದು ನನ್ನ ಕೈಗಿಟ್ಟರು. ಅಪೀಲು ತೀರುವ ತನಕ ಮಾತ್ರ ಸಜೆ ತಡೆದಿದ್ದಾರೆ, ಜಾಮೀನಿನ ಮೇಲೆ ಹೊರಗೆ ಬರುತ್ತಾನೆ, ಸೋತರೆ ಉಳಿದ ವರ್ಷ ಒಳಗೇ ಕಳೆಯಬೇಕು ಅಂತ ನಾನೇ ಓದಿ ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವನು ಇನ್ನೂ ಕಳ್ಳಾನೇನಾ?" ಅಂದರು.

ಕಾನೂನಿನ ಲೆಕ್ಕದಲ್ಲಿ ಹೌದು. ತಡೆದಿರುವುದು ಸಜೆಯನ್ನು. ಅವನು ತಪ್ಪಿತಸ್ಥ ಅನ್ನುವ ತೀರ್ಪು ಹಾಗೇ ಇದೆ.

ನೌಕರನನ್ನು ಅಮಾನತು ಮಾಡಿದರು ಅಂದರೆ ಅದು ಸದ್ಯಕ್ಕೆ ಅಷ್ಟೇ ಅಂತ ಎಲ್ಲರಿಗೂ ಗೊತ್ತು. ಶಿಕ್ಷೆ ಅಮಾನತು ಅಂದಾಗ ಆ "ಸದ್ಯಕ್ಕೆ" ಯಾಕೋ ಕಿವಿಗೆ ಬೀಳುವುದೇ ಇಲ್ಲ, ರದ್ದು ಅಂತಲೇ ಕೇಳುತ್ತದೆ. "ಸಜೆಗೆ ತಾತ್ಕಾಲಿಕ ತಡೆ" ಅಂದರೆ ವಾಸಿ ಅಂತ ನನಗನಿಸುತ್ತದೆ. ನೀವೇನಂತೀರಿ?

ನನಗೆ ಇದಕ್ಕಿಂತ ಜಾಸ್ತಿ ತೊಡಕಾಗಿರುವುದು "ಶಿಕ್ಷೆ ಪ್ರಶ್ನಿಸಿ ಮೇಲ್ಮನವಿ" ಅನ್ನುವ ಮಾತು. ಕೋರ್ಟು ಮೊದಲು ನೀನು ತಪ್ಪು ಮಾಡಿದ್ದೀಯ ಅನ್ನುತ್ತದೆ, ಆಮೇಲೆ ಇಷ್ಟು ವರ್ಷ ಅನ್ನುತ್ತದೆ. ಎರಡನೆಯದಕ್ಕೆ "ಶಿಕ್ಷೆಯ ಪ್ರಮಾಣ" ಅನ್ನುವ ಒಳ್ಳೆಯ ಮಾತಿದೆ, ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಮೊದಲನೆಯದಕ್ಕೆ? "ದೋಷಸಿದ್ಧಿ", "ಅಪರಾಧ ನಿರ್ಣಯ" ಎಲ್ಲ ಕಾಗದದ ಮೇಲಿವೆ, ಯಾರ ಬಾಯಲ್ಲೂ ಕೇಳಿಲ್ಲ. ಹಾಗಾಗಿ ಎರಡೂ ಸೇರಿ "ಶಿಕ್ಷೆ" ಆಗಿಬಿಡುತ್ತದೆ.

ಇದು ಸುಮ್ನೆ ಪದದ ಜಗಳ ಅಲ್ಲ. ಮಾರಕಾಸ್ತ್ರ ಬಳಸಿ ದರೋಡೆ ಮಾಡಿದರೆ ಕನಿಷ್ಠ 7 ವರ್ಷ ಅಂತ ಕಾನೂನೇ ಕಟ್ಟಿಹಾಕಿದೆ. ಹಳೆಯ ದಂಡ ಸಂಹಿತೆಯಲ್ಲಿ ಅದು 397ನೇ ಕಲಂ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 311. ಆ ಕಲಂ ನಿಂತಿರುವವರೆಗೆ, ಹುಡುಗ ಚಿಕ್ಕವನು, ಮೊದಲ ತಪ್ಪು ಅಂತ ಎಷ್ಟು ಬೇಡಿಕೊಂಡರೂ 7ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಪೀಲಿನಲ್ಲಿ ಅಲುಗಿಸಬೇಕಾದದ್ದು ಮೊದಲ ಭಾಗವನ್ನು, ಚಾಕು "ಬಳಸಿದ" ಅನ್ನುವ ಮಾತನ್ನು. ಆ ತಾಯಿಯೋ ವರ್ಷ ಕಡಿಮೆ ಮಾಡಿಸಿ ಅಂತಲೇ ವಕೀಲರನ್ನು ಕೇಳುತ್ತಿದ್ದರು.

ಈ "ಬಳಸು"ವನ್ನೂ ನೋಡಿ. ಚಾಕು ಬಳಸಿದ ಅಂದರೆ ನಮಗೆ ಇರಿದ, ಕೊಯ್ದ ಅನ್ನುವ ಅರ್ಥವೇ ಮೊದಲು ಬರುತ್ತದೆ ಅಲ್ವಾ? "ಅವನು ಯಾರಿಗೂ ಗೀರಿಲ್ಲ, ಸುಮ್ನೆ ಹಿಡಿದಿದ್ದ" ಅಂತ ಮನೆಯವರು ಹೇಳುತ್ತಲೇ ಇದ್ದಾರೆ. ಆದರೆ ಎದುರಿನವರು ಹೆದರುವಂತೆ ಆಯುಧ ಕಾಣಿಸಿದರೂ ಅದು ಬಳಸಿದಂತೆಯೇ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಇನ್ನೊಂದು ಕಡೆ, ಆಯುಧ ಜೊತೆಗಿದ್ದವನ ಕೈಯಲ್ಲಿತ್ತು ಅಂತಾದರೆ ಈ ಕಲಂ ಇವನ ಮೇಲೆ ಕೂರುವುದಿಲ್ಲ. ಯಾರ ಕೈಯಲ್ಲಿ ಇತ್ತು ಅನ್ನುವುದೇ ಮುಖ್ಯ. "ಬಳಸು" ಬದಲು "ಆಯುಧ ಮುಂದೆ ಮಾಡು" ಅಂದರೆ ಈ ಅರ್ಥ ಬಂದೀತೇ? "ಝಳಪಿಸು" ಸ್ವಲ್ಪ ಜಾಸ್ತಿಯಾಯಿತು.

"ದರೋಡೆ" ಬಗ್ಗೆಯೂ ಒಂದು ಮಾತು. ಐದು ಅಥವಾ ಹೆಚ್ಚು ಜನ ಸೇರಿದರೆ ಡಕಾಯಿತಿ, ಅದು ಬೇರೆ ಅಪರಾಧ. ಇಲ್ಲಿ ಇದ್ದವರು ಇಬ್ಬರು. ಇದನ್ನು ಕೆಲವು ಕಾಗದಗಳಲ್ಲಿ "ಸುಲಿಗೆ" ಅಂತಲೂ ಬರೆದಿದ್ದಾರೆ, ಅದೇ ಸರಿಯೇನೋ.

ಕೋರ್ಟು ಕಚೇರಿಯಲ್ಲಿ ಕನ್ನಡದಲ್ಲೇ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಕಕ್ಷಿದಾರರಿಗೆ ಬಾಯಿಮಾತಲ್ಲಿ ಇವನ್ನು ಹೇಗೆ ಬಿಡಿಸಿ ಹೇಳುತ್ತಿದ್ದಿರಿ ಅಂತ ಬರೆಯಿರಿ. ಮುಂದಿನ ವಾಯಿದೆಗೆ ಮುಂಚೆ ಆ ತಾಯಿಗೆ ಒಂದು ಪುಟದಲ್ಲಿ ಎಲ್ಲವನ್ನೂ ಬರೆದುಕೊಡಬೇಕು.